ಕಳ್ಳನಿಗೆ ಹಾಕಿದ ಬೀಗ

ರಾತ್ರಿ ಹತ್ತೂವರೆ ದಾಟುತ್ತಿದ್ದಂತೆ ನಮ್ಮ ಪೇಟೆಗಳ ಬೀದಿಗಳಲ್ಲಿ ಮನೆಯಿಂದ ಮನೆಗೆ ಒಂದೇ ಬಗೆಯ ಸದ್ದು ಕೇಳುತ್ತದೆ. ಗೇಟಿಗೆ ಸರಪಳಿ ಸುತ್ತುವುದು, ಕೊಲಾಪ್ಸಿಬಲ್ ಗೇಟನ್ನು ಕಿರ್ರೆಂದು ಎಳೆದು ಬೀಗ ಜಡಿಯುವುದು, ಮುಂಬಾಗಿಲಿಗೆ ಮೇಲೊಂದು ಕೆಳಗೊಂದು ಬೋಲ್ಟು ಹಾಕುವುದು, ಹಿತ್ತಿಲ ಬಾಗಿಲಿಗೆ ಅಗುಳಿ ಸರಿಸುವುದು. ಬೀಗದ ಕೈ ಮಾತ್ರ ಒಂದೊಂದು ಮನೆಯಲ್ಲಿ ಒಂದೊಂದು ಕಡೆ ಇರುತ್ತದೆ: ಯಜಮಾನರ ದಿಂಬಿನ ಕೆಳಗೆ, ಫ್ರಿಜ್ಜಿನ ಮೇಲೆ, ದೇವರಗೂಡಿನ ಪಕ್ಕದ ಮೊಳೆಯಲ್ಲಿ, ಕೆಲವು ಸಲ ಆ ದಿನ ಹಾಕಿಕೊಂಡಿದ್ದ ಪ್ಯಾಂಟಿನ ಜೇಬಿನಲ್ಲೇ. ಇಷ್ಟಾದ ಮೇಲೆ ಮನೆ ಭದ್ರವಾಯಿತೆಂದು ಎಲ್ಲರೂ ದೀಪ ಆರಿಸುತ್ತಾರೆ.

ಈ ಭದ್ರತೆಯ ಲೆಕ್ಕದಲ್ಲಿ ಎದುರಾಳಿ ಒಬ್ಬನೇ, ಕಳ್ಳ. ಅವನು ಹೊರಗಿನಿಂದ ಬರುವವನಾದ್ದರಿಂದ ಅವನಿಗೂ ನಮಗೂ ನಡುವೆ ಕಬ್ಬಿಣ ಎಷ್ಟಿದ್ದರೂ ಸಾಲದು ಅನ್ನಿಸುತ್ತದೆ. ಬೆಂಕಿ ಸಾಮಾನ್ಯವಾಗಿ ಹುಟ್ಟುವುದು ಒಳಗೆ. ಅದು ಹುಟ್ಟಿದ ರಾತ್ರಿ ಅದೇ ಕಬ್ಬಿಣ ನಮಗೂ ಬೀದಿಗೂ ನಡುವೆ ನಿಂತುಬಿಡುತ್ತದೆ. ಬೆಂಕಿ ಅನಾಹುತದ ಬಗ್ಗೆ ಮನೆಮಂದಿಗೆ ತಿಳಿವಳಿಕೆ ಕೊಡಬೇಕೆಂದಾಗ ನಮ್ಮಲ್ಲಿ ಮಾತು ಕೂಡಲೇ ನೀರು, ಮರಳು, ಗೋಡೆಗೆ ತೂಗುಹಾಕುವ ಕೆಂಪು ಸಿಲಿಂಡರಿನ ಕಡೆ ಹೊರಳುತ್ತದೆ. ಅವು ಬೇಡವೆಂದಲ್ಲ. ಆದರೆ ನಮ್ಮ ಮನೆಗಳ ಮಟ್ಟಿಗೆ ಆರಿಸುವ ವಿದ್ಯೆಗಿಂತ ಮೊದಲು ಬೇಕಾದದ್ದು ಹೊರಬೀಳುವ ವಿದ್ಯೆ. ಅದನ್ನು ಕಲಿಯುವುದೆಂದರೆ ಕಳ್ಳನನ್ನು ನೆನೆದು ಹಾಕಿದ ಒಂದೊಂದು ಬೀಗದ ಬಗ್ಗೆಯೂ ಮನೆಯವರೆಲ್ಲ ಕೂತು ಇನ್ನೊಮ್ಮೆ ಮಾತಾಡುವುದು.

2021ರ ಸೆಪ್ಟೆಂಬರ್ 21ರಂದು ಬೆಂಗಳೂರಿನ ದೇವರಚಿಕ್ಕನಹಳ್ಳಿಯ ಅಪಾರ್ಟ್‌ಮೆಂಟೊಂದಕ್ಕೆ ಬೆಂಕಿ ಬಿತ್ತು. ಬಿದ್ದದ್ದು ಹಗಲು ಹೊತ್ತಿನಲ್ಲಿ. ನೋಡುವವರಿದ್ದರು, ಕೂಗುವವರಿದ್ದರು. ಆದರೂ ತಾಯಿ ಮಗಳು ಇಬ್ಬರೂ ಸತ್ತರು. ಬಾಲ್ಕನಿಯವರೆಗೆ ಬಂದ ಜೀವಕ್ಕೂ ಅಲ್ಲಿಂದಾಚೆ ದಾರಿ ಇರಲಿಲ್ಲ, ಬಾಲ್ಕನಿಗೆ ಗ್ರಿಲ್ ಇತ್ತು. 2025ರ ಮೇ 18ರ ಬೆಳಗಿನ ಜಾವ ಹೈದರಾಬಾದಿನ ಚಾರ್‌ಮಿನಾರಿನ ಬಳಿ, ಗುಲ್ಜಾರ್ ಹೌಜ್‌ನಲ್ಲಿ, ಕೆಳಗೆ ಅಂಗಡಿ ಮೇಲೆ ವಾಸ ಇದ್ದ ಹಳೆಯ ಕಟ್ಟಡವೊಂದಕ್ಕೆ ಬೆಂಕಿ ಹತ್ತಿ ಹದಿನೇಳು ಜನ ಹೋದರು, ಅವರಲ್ಲಿ ಎಂಟು ಮಕ್ಕಳು. ಅಲ್ಲಿ ಒಳಗೆ ಹೋಗುವುದಕ್ಕೂ ಹೊರಗೆ ಬರುವುದಕ್ಕೂ ಇದ್ದದ್ದು ಒಂದೇ ಇಕ್ಕಟ್ಟಾದ ದಾರಿ, ಆ ದಾರಿಯಲ್ಲೇ ಹೊಗೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಸಂಸ್ಥೆಯ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ ಬೆಂಕಿ ಅವಘಡಗಳಿಂದ ಸತ್ತವರು 7,400ಕ್ಕೂ ಹೆಚ್ಚು. ಅರ್ಧಕ್ಕಿಂತ ಹೆಚ್ಚಿನ ಸಾವು ವಾಸದ ಮನೆಗಳಲ್ಲೇ ಆದದ್ದು. ಪತ್ರಿಕೆಯ ಮುಖಪುಟಕ್ಕೆ ಬರುವುದು ಸಿನಿಮಾ ಮಂದಿರ, ಆಸ್ಪತ್ರೆ, ಕಾರ್ಖಾನೆಗಳ ಬೆಂಕಿ. ಅಡುಗೆಮನೆ, ಮಲಗುವ ಕೋಣೆಗಳ ಬೆಂಕಿಗೆ ಒಳಪುಟದಲ್ಲಿ ನಾಲ್ಕು ಸಾಲು.

ಬೆಂಕಿಯಲ್ಲಿ ಸತ್ತವರನ್ನು ನಾವು ಸುಟ್ಟು ಸತ್ತವರು ಎನ್ನುತ್ತೇವೆ. ಕಟ್ಟಡದೊಳಗಿನ ಬೆಂಕಿಗಳಲ್ಲಿ ಬಹುಪಾಲು ಜನರನ್ನು ಕೊಲ್ಲುವುದು ಜ್ವಾಲೆಯಲ್ಲ, ಹೊಗೆ. ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 1997ರ ಜೂನ್ 13ರಂದು ಸತ್ತ 59 ಜನರಲ್ಲಿ ಹೆಚ್ಚಿನವರು ಉಸಿರುಕಟ್ಟಿಯೇ ಸತ್ತರು. ಹೊಗೆಯೊಳಗಿನ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಕ್ಕ ಒಲವಿನಿಂದ ಅದನ್ನು ಹಿಡಿದುಕೊಳ್ಳುತ್ತದೆ. ನಾಲ್ಕು ಉಸಿರು ಎಳೆದವನಿಗೆ ತಲೆ ತಿರುಗುತ್ತದೆ, ಕಾಲು ಸೋಲುತ್ತದೆ, ಬಾಗಿಲು ಕಣ್ಣೆದುರಿಗಿದ್ದರೂ ಚಿಲಕ ತೆಗೆಯಬೇಕೆಂದು ಹೊಳೆಯುವುದಿಲ್ಲ. ಇನ್ನೊಂದು ಸಂಗತಿ ಬಹಳ ಜನರಿಗೆ ಗೊತ್ತಿಲ್ಲ: ನಿದ್ದೆಯಲ್ಲಿ ಮೂಗು ಕೆಲಸ ಮಾಡುವುದಿಲ್ಲ. ಹೊಗೆಯ ವಾಸನೆಗೆ ಎಚ್ಚರವಾಗುತ್ತದೆ ಎಂಬ ನಂಬಿಕೆಯಲ್ಲಿ ಮಲಗಿದವರು ಎಷ್ಟೋ ಸಲ ಏಳುವುದೇ ಇಲ್ಲ. ಗದ್ದಲಕ್ಕೆ ಏಳುತ್ತೇವೆ, ವಾಸನೆಗಲ್ಲ.

ಸಮಯವೂ ಕಡಿಮೆಯಾಗಿದೆ. ಅಮೆರಿಕದ ಯುಎಲ್ ಎಂಬ ಸುರಕ್ಷತಾ ಸಂಸ್ಥೆ ಎರಡು ಬಗೆಯ ಕೋಣೆಗಳಿಗೆ ಬೆಂಕಿ ಕೊಟ್ಟು ನೋಡಿತು. ಒಂದರಲ್ಲಿ ಹಳೆಯ ಕಾಲದ ಮರ, ಹತ್ತಿ, ಉಣ್ಣೆಯ ಸಾಮಾನು, ಇನ್ನೊಂದರಲ್ಲಿ ಈಗಿನ ಫೋಮ್ ಸೋಫಾ, ಪಾಲಿಯೆಸ್ಟರ್ ಪರದೆ. ಹಳೆಯ ಕೋಣೆ ಪೂರ್ತಿ ಹೊತ್ತಿಕೊಳ್ಳಲು ಅರ್ಧ ಗಂಟೆಯಷ್ಟು ಹಿಡಿಯಿತು. ಹೊಸ ಕೋಣೆಗೆ ಐದು ನಿಮಿಷವೂ ಬೇಕಾಗಲಿಲ್ಲ. ಅಜ್ಜಿಯ ಕಾಲದ ಹಾಲಿನಲ್ಲಿ ಇದ್ದದ್ದು ಒಂದು ಬೆಂಚು, ಒಂದು ಮಂದಲಿಗೆ. ಈಗ ಇರುವುದು ಸೋಫಾ ಸೆಟ್ಟು, ಪ್ಲೈವುಡ್ ಶೋಕೇಸು, ಪಿವಿಸಿ ಸೀಲಿಂಗು. ಆ ಐದು ನಿಮಿಷದಲ್ಲಿ ಎಚ್ಚರವಾಗಬೇಕು, ಕನ್ನಡಕ ಸಿಗಬೇಕು, ಮಕ್ಕಳನ್ನು ಎಬ್ಬಿಸಬೇಕು, ಪ್ಯಾಂಟಿನ ಜೇಬಿನಿಂದ ಬೀಗದ ಕೈ ತೆಗೆಯಬೇಕು, ಕತ್ತಲಲ್ಲಿ ಅದನ್ನು ಬೀಗದ ಕಿಂಡಿಗೆ ತೂರಿಸಬೇಕು. ಅಗ್ನಿಶಾಮಕ ದಳದವರು ಎಷ್ಟೇ ಚುರುಕಾಗಿದ್ದರೂ, ಎರಡೂ ಬದಿಗೆ ಕಾರು ನಿಲ್ಲಿಸಿದ ನಮ್ಮ ಇಪ್ಪತ್ತಡಿ ಅಡ್ಡರಸ್ತೆಗೆ ಅವರ ವಾಹನ ಐದು ನಿಮಿಷದಲ್ಲಿ ಬರುತ್ತದೆಂದು ನಂಬುವುದು ಅವರಿಗೂ ಅನ್ಯಾಯ, ನಮಗೂ ಅನ್ಯಾಯ.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆ ಆಗುತ್ತದೆಯೇ ಎಂಬ ಗಾದೆಯನ್ನು ಈ ವಿಷಯಕ್ಕೆ ಎಲ್ಲರೂ ಹೇಳುತ್ತಾರೆ. ಮುನ್ನೆಚ್ಚರಿಕೆಯ ಮಾತಾಗಿ ಅದು ಸರಿ, ಬೆಂಕಿಯ ಮಾತಾಗಿ ಅಷ್ಟು ಸರಿಯಲ್ಲ. ಬಾವಿ ಮೊದಲೇ ತೋಡಿದ್ದರೂ ಇವತ್ತಿನ ಮನೆಯಲ್ಲಿ ಅದರಿಂದ ನೀರು ಸೇದುವಷ್ಟು ಹೊತ್ತು ಸಿಗುವುದಿಲ್ಲ. ಅದಕ್ಕಿಂತ ಹಳ್ಳಿಯ ದನಗಾಹಿಗಳ ತಿಳಿವಳಿಕೆಯೇ ಹರಿತ. ಕೊಟ್ಟಿಗೆಗೆ ಬೆಂಕಿ ಬಿದ್ದರೆ ಮೊದಲು ದನದ ಕಣ್ಣಿ ಕೊಯ್ಯಬೇಕು, ನೀರಿನ ಮಾತು ಆಮೇಲೆ. ಕಟ್ಟಿದ ದನ ಓಡಲಾರದು ಎಂಬುದು ಅವರಿಗೆ ಗೊತ್ತಿತ್ತು. ನಾವು ದಿನಾ ರಾತ್ರಿ ನಮ್ಮ ಕೊರಳಿಗೆ ನಾವೇ ಕಣ್ಣಿ ಹಾಕಿಕೊಂಡು, ಅದರ ಗಂಟು ಎಲ್ಲಿದೆಯೆಂದು ಮಕ್ಕಳಿಗೆ ಹೇಳದೆ ಮಲಗುತ್ತಿದ್ದೇವೆ.

ಹಾಗಾದರೆ ಗ್ರಿಲ್ ಕಿತ್ತುಹಾಕಿ, ಬಾಗಿಲು ತೆರೆದಿಟ್ಟು ಮಲಗಬೇಕೇ ಎಂದು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ಕಳ್ಳತನ ಕಟ್ಟುಕಥೆಯಲ್ಲ. ಮೂರನೇ ಮಹಡಿಯ ಬಾಲ್ಕನಿಯಿಂದ ಮಗು ಬೀಳುವ ಭಯವೂ ಸುಳ್ಳಲ್ಲ. ಮಂಗಗಳ ಕಾಟ ಅನುಭವಿಸಿದವರಿಗೆ ಗ್ರಿಲ್ಲಿನ ಬೆಲೆ ಗೊತ್ತು. ಗ್ರಿಲ್ ಇರಲಿ, ಆದರೆ ಅದರಲ್ಲಿ ಒಬ್ಬ ದೊಡ್ಡವರು ತೂರುವಷ್ಟು ಅಗಲದ ಒಂದು ಭಾಗ ಕೀಲಿನ ಮೇಲೆ ತೆರೆಯುವಂತಿರಲಿ. ಬಡಾವಣೆಯ ವೆಲ್ಡಿಂಗ್ ಅಂಗಡಿಯವರು ಮಾಡಿಕೊಡುವ ಕೆಲಸವೇ ಅದು. ಅದಕ್ಕೊಂದು ಬೀಗ. ಬೀಗದ ಕೈ ಕಿಟಕಿಯ ಹೊರಗಿನಿಂದ ಕೈಚಾಚಿದರೆ ಎಟುಕದ, ಒಳಗಿನವರಿಗೆ ಕತ್ತಲಲ್ಲೂ ಎಟುಕುವ ಒಂದೇ ಮೊಳೆಯಲ್ಲಿ, ವರ್ಷವಿಡೀ ಅಲ್ಲೇ. ಮೂರನೇ ಮಹಡಿಯಲ್ಲಿ ಅದು ತೆರೆದು ಏನು ಪ್ರಯೋಜನ ಎಂದರೆ, ಹಾರುವುದಕ್ಕಲ್ಲ. ಏಣಿ ಬಂದಾಗ ಒಳಗಿನವರನ್ನು ಇಳಿಸಿಕೊಳ್ಳಲು, ಪಕ್ಕದ ಮನೆಯ ಸಜ್ಜೆಯಿಂದ ಯಾರಾದರೂ ಕೈ ಕೊಡಲು. ಗ್ರಿಲ್ ಕತ್ತರಿಸುವ ಯಂತ್ರ ತರಿಸುವ ಹೊತ್ತು ಉಳಿದರೆ ಅಷ್ಟೇ ಸಾಕು. ಮುಂಬಾಗಿಲಿಗೆ ಒಳಗಿನಿಂದ ಕೀ ಇಲ್ಲದೆ ಕೈಯಿಂದಲೇ ತಿರುಗುವ ಬೀಗಗಳು ಬಹಳ ಹಿಂದೆಯೇ ಬಂದಿವೆ. ಕೊಲಾಪ್ಸಿಬಲ್ ಗೇಟಿಗೆ ಮಾತ್ರ ನಮ್ಮವರು ಇನ್ನೂ ತೂಗುಬೀಗವನ್ನೇ ನೆಚ್ಚಿಕೊಂಡಿದ್ದಾರೆ. ಆ ಬೀಗದ ಕೈ ದಿಂಬಿನಡಿಯಿಂದ ಎದ್ದು ಬಾಗಿಲ ಪಕ್ಕದ ಮೊಳೆಗೆ ಬಂದರೆ, ಹತ್ತು ವರ್ಷದ ಮಗುವಿಗೂ ಎಟುಕುವ ಎತ್ತರಕ್ಕೆ ಬಂದರೆ, ಒಂದು ರೂಪಾಯಿ ಖರ್ಚಿಲ್ಲದೆ ಮನೆಯ ಅರ್ಧ ಸಿದ್ಧತೆ ಮುಗಿದಂತೆ.

ಖರ್ಚಿಲ್ಲದ ಕೆಲಸ ಆಗದೆ ಉಳಿಯಲು ಬೇರೆ ಕಾರಣವಿದೆ. "ರಾತ್ರಿ ಬೆಂಕಿ ಬಿದ್ದರೆ ನೀನು ಅಜ್ಜಿನ ಎಬ್ಬಿಸು" ಎಂದು ಊಟದ ಹೊತ್ತಿನಲ್ಲಿ ಯಾರಾದರೂ ಬಾಯಿ ಬಿಟ್ಟು ನೋಡಲಿ. "ಬಿಡ್ತು ಅನ್ನು, ಉಣ್ಣೋ ಹೊತ್ತಿನಲ್ಲಿ ಎಂಥ ಮಾತು!" ಎಂದು ಮರುಕ್ಷಣವೇ ಬಾಯಿ ಮುಚ್ಚಿಸುತ್ತಾರೆ. ಕೆಟ್ಟದ್ದನ್ನು ನುಡಿದರೆ ಕೆಟ್ಟದ್ದಾಗುತ್ತದೆ ಎಂಬ ಅಂಜಿಕೆ ಓದಿದವರ ಮನೆಯಲ್ಲೂ ಇದೆ. ಅದೇ ಮನೆಯವರು ಜೀವವಿಮೆಯ ಕಂತನ್ನು ತಪ್ಪದೆ ಕಟ್ಟುತ್ತಾರೆ. ಸತ್ತ ಮೇಲಿನ ಹಣದ ಬಗ್ಗೆ ಏಜೆಂಟರ ಜೊತೆ ಸಲೀಸಾಗಿ ಮಾತಾಡುವವರಿಗೆ ಸಾಯದಿರುವ ಬಗ್ಗೆ ಮಕ್ಕಳ ಜೊತೆ ಮಾತಾಡಲು ಅಪಶಕುನ ಅಡ್ಡ ಬರುವುದು ಸೋಜಿಗವೇ.

ಹಾಗೆ ನೋಡಿದರೆ ಬೆಂಕಿಗೆ ಮೊದಲೇ ಸಜ್ಜಾದ ಸಂಸಾರದ ಕಥೆ ನಮ್ಮಲ್ಲಿ ಮನೆಮನೆಗೂ ಗೊತ್ತಿರುವಂಥದ್ದು. ವಾರಣಾವತದ ಅರಗಿನ ಮನೆಗೆ ಹೋಗುವ ಮೊದಲೇ ವಿದುರ ಧರ್ಮರಾಯನಿಗೆ ಸೂಚನೆ ಕೊಟ್ಟ. ಸುರಂಗ ತೋಡುವವನನ್ನು ಕಳಿಸಿದ. ಕುಂತಿಯೂ ಐವರು ಮಕ್ಕಳೂ ಆ ದಾರಿಯಿಂದಲೇ ಉಳಿದುಕೊಂಡರು. ಇಷ್ಟು ಭಾಗ ಎಲ್ಲರ ನಾಲಿಗೆಯ ಮೇಲಿದೆ. ಅದೇ ರಾತ್ರಿ ಅದೇ ಮನೆಯಲ್ಲಿ ಉಂಡು ಕುಡಿದು ಮಲಗಿದ್ದ ಬೇಡತಿ ಮತ್ತು ಅವಳ ಐವರು ಮಕ್ಕಳು ಬೂದಿಯಾದ ಭಾಗವನ್ನು ನಾವು ಬೇಗ ದಾಟಿಬಿಡುತ್ತೇವೆ. ಅವರಿಗೆ ಸುರಂಗ ಇದೆಯೆಂದೇ ಗೊತ್ತಿರಲಿಲ್ಲ. ಪಾಂಡವರ ನೀತಿಯ ವಿಚಾರಣೆ ಇಲ್ಲಿ ಬೇಡ. ಆದರೆ ಯಾವ ಮನೆಯಲ್ಲೇ ಆಗಲಿ, ದಾರಿ ಗೊತ್ತಿರುವವರು ಯಾರು, ಗೊತ್ತಿಲ್ಲದೆ ಮಲಗಿರುವವರು ಯಾರು ಎಂದು ಕೇಳಿಕೊಳ್ಳಬೇಕು. ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಮಲಗುವ ಮನೆಗೆಲಸದ ಹುಡುಗಿಗೆ ಕೀ ಎಲ್ಲಿದೆ ಅಂತ ಹೇಳಿದ್ದೇವೆಯೇ? ಹಬ್ಬಕ್ಕೆ ಬಂದ ನೆಂಟರಿಗೆ? ಅಜ್ಜನನ್ನು ನೋಡಿಕೊಳ್ಳಲು ಬಂದಿರುವ ನರ್ಸಮ್ಮನಿಗೆ? ನಂಬಿಕೆ ಸಾಲದೆಂದು ಕೀ ಇರುವ ಜಾಗವನ್ನು ಅವರಿಂದ ಬಚ್ಚಿಟ್ಟಿದ್ದರೆ, ಅಂಥವರನ್ನು ಒಳಗೆ ಮಲಗಿಸಿ ಬೀಗ ಹಾಕುವ ಹಕ್ಕೂ ನಮಗಿಲ್ಲ.

ಮಕ್ಕಳ ವಿಷಯ ಬೇರೆಯೇ. ದೊಡ್ಡವರು ಬೆಂಕಿ ಕಂಡರೆ ಓಡುತ್ತಾರೆ, ಚಿಕ್ಕ ಮಕ್ಕಳು ಅಡಗಿಕೊಳ್ಳುತ್ತಾರೆ. ಮಂಚದ ಕೆಳಗೆ, ಬೀರುವಿನ ಒಳಗೆ, ಬಚ್ಚಲಲ್ಲಿ. "ಬೆಂಕಿಪೆಟ್ಟಿಗೆ ಮುಟ್ಟಿದರೆ ಕೈ ಮುರೀತೀನಿ" ಎಂದು ಹೆದರಿಸಿ ಬೆಳೆಸಿದ ಮಗುವಾದರೆ, ತಾನೇ ಆಟವಾಡುತ್ತ ಬೆಂಕಿ ಹಚ್ಚಿದ್ದರೆ, ಅಪ್ಪ ಕೂಗಿ ಕರೆದರೂ ಓಗೊಡುವುದಿಲ್ಲ. ಅದು ಬೆಂಕಿಗಿಂತ ಅಪ್ಪನಿಗೆ ಹೆಚ್ಚು ಹೆದರಿರುತ್ತದೆ. ಏನೇ ಮಾಡಿದ್ದರೂ ಬೆಂಕಿ ಕಂಡ ಕೂಡಲೇ ಬಂದು ಹೇಳಿದರೆ ಬೈಗುಳವಿಲ್ಲ ಎಂದು ಮೊದಲೇ ಮಾತು ಕೊಟ್ಟಿರಬೇಕು, ಕೊಟ್ಟ ಮಾತು ಉಳಿಸಿಕೊಳ್ಳಲೂಬೇಕು. ಹೊಗೆಯ ಅಲಾರಾಂ ಇದ್ದರೂ ಮಕ್ಕಳು ಏಳುತ್ತಾರೆಂಬ ಭರವಸೆಯಿಲ್ಲ. ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದವರು ನಡೆಸಿದ ಪರೀಕ್ಷೆಯಲ್ಲಿ 34 ಮಕ್ಕಳ ಪೈಕಿ 27 ಮಕ್ಕಳು ಅಲಾರಾಂ ಮತ್ತೆ ಮತ್ತೆ ಕೂಗಿದರೂ ಮಲಗಿಯೇ ಇದ್ದರು. ತಗ್ಗಿದ ಶ್ರುತಿಯ ಸದ್ದಿನ ಜೊತೆ ಮನುಷ್ಯರ ದನಿ ಸೇರಿಸಿದಾಗ ಎದ್ದವರ ಸಂಖ್ಯೆ ಬಹಳ ಹೆಚ್ಚಿತು. ಅಂದರೆ ಮಕ್ಕಳನ್ನು ಎಬ್ಬಿಸುವ ಕೆಲಸವನ್ನು ಯಂತ್ರಕ್ಕೆ ಬಿಡಲಾಗದು. ಯಾರು ಯಾರನ್ನು ಎಬ್ಬಿಸಬೇಕು, ಕೂಸನ್ನು ಎತ್ತಿಕೊಳ್ಳುವವರು ಯಾರು, ಮಂಡಿನೋವಿನ ಅಜ್ಜಿಯನ್ನು ಹಾಸಿದ ಜಮಖಾನದ ಸಮೇತ ಎಳೆದುಕೊಂಡು ಬರುವವರು ಯಾರು ಎಂದು ಹೆಸರು ಹಿಡಿದು ಹಂಚಿಕೊಂಡಿರಬೇಕು. ಹಂಚದಿದ್ದರೆ ಮೂವರು ಕೂಸಿನ ಕಡೆ ಓಡುತ್ತಾರೆ, ಅಜ್ಜಿಯ ಕಡೆ ಯಾರೂ ಇಲ್ಲ.

ಆದರೂ ಅಲಾರಾಂ ಬೇಡವೆನ್ನುವುದಿಲ್ಲ. ಮೂಗು ಮಲಗಿರುವಾಗ ದೊಡ್ಡವರನ್ನಾದರೂ ಎಬ್ಬಿಸಲು ಅದೊಂದೇ ಇರುವುದು. ಹಾಲ್ ಮತ್ತು ಮಲಗುವ ಕೋಣೆಗಳ ನಡುವಿನ ಛಾವಣಿಗೆ ಹಾಕಬೇಕು. ಅಡುಗೆಮನೆಯಲ್ಲಿ ಹಾಕಿದರೆ ಒಣಮೆಣಸಿನಕಾಯಿ ಒಗ್ಗರಣೆಯ ಘಾಟಿಗೆ ಅದು ಬಡಿದುಕೊಳ್ಳುತ್ತದೆ, ಎರಡನೇ ದಿನ ಯಾರಾದರೂ ಬ್ಯಾಟರಿ ಕಿತ್ತಿಡುತ್ತಾರೆ.

ಇಷ್ಟು ಗೊತ್ತಾದ ಮೇಲೆ ಒಂದು ಸಂಜೆ ದೀಪ ಆರಿಸಿ ಮಾಡಿ ನೋಡಬೇಕು. ಅವರವರ ಹಾಸಿಗೆಯಿಂದ ಎದ್ದು, ಕಣ್ಣು ಮುಚ್ಚಿ, ಬಗ್ಗಿಕೊಂಡು, ಗೋಡೆ ಮುಟ್ಟುತ್ತ ಬಾಗಿಲಿನವರೆಗೆ ಬರುವುದು. ಬಗ್ಗಬೇಕು ಏಕೆಂದರೆ ಬಿಸಿ ಹೊಗೆ ಮೇಲಿರುತ್ತದೆ, ಉಸಿರಾಡಬಹುದಾದ ಗಾಳಿ ನೆಲದ ಹತ್ತಿರ. ಮುಚ್ಚಿದ ಬಾಗಿಲನ್ನು ಕೈಯ ಹಿಂಬದಿಯಿಂದ ಮುಟ್ಟಿ ನೋಡಿ, ಬಿಸಿಯಿದ್ದರೆ ತೆರೆಯದೆ ಎರಡನೇ ದಾರಿಗೆ ತಿರುಗುವುದು. ಹೊರಬರುವಾಗ ಬೆಂಕಿಯಿರುವ ಕೋಣೆಯ ಬಾಗಿಲನ್ನು ಹಿಂದಕ್ಕೆ ಎಳೆದುಕೊಂಡು ಬರುವುದು, ಮುಚ್ಚಿದ ಒಂದು ಸಾದಾ ಬಾಗಿಲು ಹೊಗೆಯನ್ನು ಬೆಲೆಬಾಳುವ ನಿಮಿಷಗಳಷ್ಟು ಹೊತ್ತು ತಡೆಯುತ್ತದೆ. ಮಕ್ಕಳಿಗೆ ಇದು ಆಟ, ಅವರೇ ಇನ್ನೊಮ್ಮೆ ಮಾಡೋಣ ಎನ್ನುತ್ತಾರೆ. ದೊಡ್ಡವರಿಗೇ ನಾಚಿಕೆ. ಆದರೆ ಆ ನಾಚಿಕೆಯ ಹತ್ತು ನಿಮಿಷದಲ್ಲಿ ಗೊತ್ತಾಗುವ ಸಂಗತಿಗಳು ಬೇರೆ ಯಾವ ಉಪದೇಶದಿಂದಲೂ ಗೊತ್ತಾಗುವುದಿಲ್ಲ: ಪ್ಯಾಸೇಜಿನಲ್ಲಿ ಇಟ್ಟ ಶೂ ಸ್ಟ್ಯಾಂಡು ಕಾಲಿಗೆ ತಗುಲುತ್ತದೆ, ಮೇಲಿನ ಬೋಲ್ಟು ಅಮ್ಮನಿಗೆ ಎಟುಕುವುದಿಲ್ಲ, ಹಿತ್ತಿಲ ಬಾಗಿಲಿನ ಮುಂದೆ ಅಕ್ಕಿಮೂಟೆ ಇದೆ.

ಹೊರಬಂದ ಮೇಲೆ ಸೇರುವ ಜಾಗವೊಂದು ಗೊತ್ತಿರಬೇಕು. ಎದುರುಮನೆಯ ಹೊಂಗೆಮರವೋ ಬೀದಿಕೊನೆಯ ಹಾಲಿನ ಬೂತೋ ಆದೀತು. ಈಗಾಗಲೇ ಹೊರಬಂದಿರುವ ಮಗನನ್ನು ಹುಡುಕಿಕೊಂಡು ಅಪ್ಪ ಮತ್ತೆ ಒಳಗೆ ನುಗ್ಗದಿರಲಿ ಎಂದು ಈ ಏರ್ಪಾಡು. ಹಾಗೆ ವಾಪಸ್ಸು ನುಗ್ಗಲು ಇನ್ನೊಂದು ಕಾರಣ ಬೀರುವಿನ ಒಡವೆ, ಮನೆಪತ್ರ. ಅವು ಬ್ಯಾಂಕಿನ ಲಾಕರಿನಲ್ಲೂ ಪತ್ರದ ನಕಲು ಡಿಜಿಲಾಕರಿನಲ್ಲೂ ಇದ್ದರೆ ಆ ಸೆಳೆತವೇ ಇರುವುದಿಲ್ಲ. 112ಕ್ಕೋ 101ಕ್ಕೋ ಫೋನ್ ಮಾಡುವವರಿಗೆ ವಿಳಾಸ ಹೇಳಲು ಬರಬೇಕು. ಮುಖ್ಯರಸ್ತೆ, ಅಡ್ಡರಸ್ತೆ, ಹಂತ, ಬ್ಲಾಕುಗಳ ನಮ್ಮ ವಿಳಾಸಗಳು ಗಾಬರಿಯಲ್ಲಿ ದೊಡ್ಡವರಿಗೇ ತಪ್ಪುತ್ತವೆ. ಹತ್ತಿರದ ಗುಡಿಯ, ಶಾಲೆಯ ಹೆಸರನ್ನು ಮಗುವಿಗೆ ಬಾಯಿಪಾಠ ಮಾಡಿಸಬೇಕು.

ಅಪಾರ್ಟ್‌ಮೆಂಟಿನವರಿಗೆ ಲೆಕ್ಕ ಸ್ವಲ್ಪ ಬೇರೆ. ಲಿಫ್ಟ್ ಹತ್ತಬಾರದೆಂಬುದು ಗೊತ್ತಿರುವ ಮಾತು. ಮೆಟ್ಟಿಲೇ ಹೊಗೆಗೂಡಾಗಿದ್ದರೆ ಇಳಿಯುವುದೂ ಹತ್ತುವುದೂ ಸಾವಿನ ಕಡೆಗೇ ಎಂಬುದು ಅಷ್ಟಾಗಿ ಗೊತ್ತಿಲ್ಲ. ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರ ಫೆಬ್ರವರಿ 23ರಂದು ಒಂಬತ್ತು ಜನ ಸತ್ತಾಗ ಕಟ್ಟಡ ಹೊತ್ತಿ ಉರಿದಿರಲಿಲ್ಲ. ವಿದ್ಯುತ್ ಕೊಳವೆಯಿಂದ ಎದ್ದ ಹೊಗೆ ಮಹಡಿಗಳನ್ನು ತುಂಬಿತು, ತಾಳಲಾರದೆ ಜನ ಕಿಟಕಿಯಿಂದ ಹಾರಿದರು. ಕುವೈತಿನ ಮಂಗಾಫ್‌ನಲ್ಲಿ 2024ರ ಜೂನ್ 12ರ ಬೆಳಗಿನ ಜಾವ ಕಾರ್ಮಿಕರ ವಸತಿಗೆ ಬೆಂಕಿ ಬಿದ್ದಾಗ ಸತ್ತವರಲ್ಲಿ ಕನಿಷ್ಠ 45 ಮಂದಿ ಭಾರತೀಯರು. ತಾರಸಿಗೆ ಹೋಗುವ ಬಾಗಿಲಿಗೆ ಬೀಗವಿತ್ತೆಂದು ಆಗ ವರದಿಯಾಯಿತು. ನಮ್ಮ ಅಪಾರ್ಟ್‌ಮೆಂಟ್ ಸಂಘಗಳೂ ಹುಡುಗರು ಸಿಗರೇಟು ಸೇದುತ್ತಾರೆಂದು ತಾರಸಿಗೆ ಬೀಗ ಹಾಕಿ ಕೀಯನ್ನು ಸೆಕ್ಯುರಿಟಿಯವನ ಮೇಜಿನ ಡ್ರಾಯರಿನಲ್ಲಿಟ್ಟಿವೆ. ಮೆಟ್ಟಿಲಲ್ಲಿ ದಟ್ಟ ಹೊಗೆ ಕಂಡರೆ ಮನೆಯೊಳಗೇ ಉಳಿದು, ಬಾಗಿಲು ಮುಚ್ಚಿ, ಸಂದಿಗೆ ಒದ್ದೆ ಬಟ್ಟೆ ತುರುಕಿ, ಬೀದಿಗೆ ಕಾಣುವ ಕಿಟಕಿಯ ಹತ್ತಿರ ನಿಂತು ಫೋನ್ ಮಾಡಬೇಕು. ಆ ಕಿಟಕಿಯ ಗ್ರಿಲ್ ತೆರೆಯುತ್ತದೋ ಇಲ್ಲವೋ ಎಂಬ ಪ್ರಶ್ನೆ ಮತ್ತೆ ಅಲ್ಲೂ ಏಳುತ್ತದೆ.

ಹೊರಬೀಳುವ ದಾರಿಗೆ ಬೆಂಕಿಯನ್ನೇ ತಂದಿಡುವ ಹೊಸ ಅಭ್ಯಾಸವೊಂದು ಶುರುವಾಗಿದೆ. ವಿದ್ಯುತ್ ಸ್ಕೂಟರನ್ನು ಮೆಟ್ಟಿಲ ಕೆಳಗೆ ನಿಲ್ಲಿಸಿ ರಾತ್ರಿಯಿಡೀ ಚಾರ್ಜ್ ಮಾಡುವುದು. ಸಿಕಂದರಾಬಾದಿನಲ್ಲಿ 2022ರ ಸೆಪ್ಟೆಂಬರ್ 12ರಂದು ಕೆಳಗಿದ್ದ ವಿದ್ಯುತ್ ಸ್ಕೂಟರ್ ಮಳಿಗೆಯಲ್ಲಿ ಹತ್ತಿದ ಬೆಂಕಿಯ ಹೊಗೆ ಮೇಲಿದ್ದ ಲಾಡ್ಜಿಗೆ ಏರಿ ಎಂಟು ಜನ ಸತ್ತರು. ಲಿಥಿಯಂ ಬ್ಯಾಟರಿ ಒಮ್ಮೆ ಒಳಗಿನಿಂದ ಕಾಯಲು ಶುರುವಾದರೆ ಬಕೆಟ್ ನೀರಿಗೆ ಬಗ್ಗುವುದಿಲ್ಲ, ಆರಿತೆಂದುಕೊಂಡದ್ದು ಮತ್ತೆ ಹೊತ್ತುತ್ತದೆ. ಸ್ಕೂಟರ್ ಬೇಡವೆನ್ನುತ್ತಿಲ್ಲ. ಇರುವ ಒಂದೇ ಮೆಟ್ಟಿಲ ಬುಡ ಅದಕ್ಕೆ ಜಾಗವಲ್ಲ.

ಗ್ಯಾಸಿನ ವಿಷಯದಲ್ಲಿ ಮಾತ್ರ ಹೊರಬೀಳುವುದಕ್ಕೆ ಮೊದಲು ಮಾಡಬೇಕಾದ್ದೂ, ಅದಕ್ಕಿಂತ ಮುಖ್ಯವಾಗಿ ಮಾಡಬಾರದ್ದೂ ಇದೆ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲಕ್ಕೆ ಇಳಿದು ಮಂಚದ ಕೆಳಗೆ, ಮೂಲೆಗಳಲ್ಲಿ ನಿಲ್ಲುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ ಎರಡು ಪಾಲು ಸೇರಿದರೂ ಒಂದು ಕಿಡಿ ಸಾಕು. "ಸಿಲಿಂಡರ್ ಸ್ಫೋಟ" ಎಂದು ನಾವು ಓದುವ ಅನೇಕ ಸುದ್ದಿಗಳಲ್ಲಿ ಸಿಡಿದದ್ದು ಸಿಲಿಂಡರಲ್ಲ, ರಾತ್ರಿಯಿಡೀ ಸೋರಿ ಕೋಣೆಯಲ್ಲಿ ತುಂಬಿದ ಅನಿಲ, ಬೆಳಗ್ಗೆ ಎದ್ದು ಲೈಟಿನ ಸ್ವಿಚ್ ಒತ್ತಿದಾಗ ಹಾರಿದ ಕಿಡಿಗೆ. ವಾಸನೆ ಬಂದಾಗ ನಮ್ಮ ಕೈ ತಾನಾಗಿ ಹೋಗುವುದು ಎಕ್ಸಾಸ್ಟ್ ಫ್ಯಾನಿನ ಸ್ವಿಚ್ಚಿಗೆ. ಅದೇ ತಪ್ಪು. ಯಾವ ಸ್ವಿಚ್ಚನ್ನೂ ಹಾಕಬಾರದು, ಉರಿಯುತ್ತಿರುವ ಲೈಟಿನ ಸ್ವಿಚ್ಚನ್ನು ಆರಿಸಲೂಬಾರದು. ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆದು, ಎಲ್ಲರೂ ಹೊರಗೆ ಬಂದು, ಅಲ್ಲಿಂದ ಗ್ಯಾಸ್ ಸೋರಿಕೆಯ ಸಹಾಯವಾಣಿ 1906ಕ್ಕೆ ಫೋನ್. ಮಲಗುವ ಮೊದಲು ರೆಗ್ಯುಲೇಟರ್ ಮುಚ್ಚಿದೆಯೇ ಎಂದು ನೋಡುವುದು ಗೇಟಿನ ಬೀಗದಷ್ಟೇ ದಿನಚರಿಯ ಭಾಗವಾಗಬೇಕು. ಬಾಣಲೆಯ ಎಣ್ಣೆ ಹೊತ್ತಿಕೊಂಡರೆ ನೀರು ಎರಚಬಾರದು, ಎರಚಿದರೆ ಉರಿಯುವ ಎಣ್ಣೆ ಚಾವಣಿಗೆ ಚಿಮ್ಮುತ್ತದೆ. ಒಲೆ ಆರಿಸಿ, ದೊಡ್ಡ ತಟ್ಟೆ ಮುಚ್ಚಿ, ತಣ್ಣಗಾಗುವ ತನಕ ಮುಚ್ಚಳ ಎತ್ತದಿದ್ದರೆ ಆಯಿತು. ಸೀರೆಗೆ ಹತ್ತಿದರೆ ಓಡದೆ ನೆಲಕ್ಕೆ ಬಿದ್ದು ಉರುಳಬೇಕು. ಸುಟ್ಟ ಜಾಗಕ್ಕೆ ಇಂಕು, ಪೇಸ್ಟು, ಬೆಣ್ಣೆ ಯಾವುದೂ ಬೇಡ. ನಲ್ಲಿಯ ತಣ್ಣೀರು, ಇಪ್ಪತ್ತು ನಿಮಿಷ.

ಅಡುಗೆಮನೆಯ ಬೆಂಕಿಯೆಲ್ಲ ಆಕಸ್ಮಿಕವೆಂಬ ಭಾವದಲ್ಲಿ ಇಷ್ಟು ಬರೆದೆ. ಹಾಗಲ್ಲವೆಂದು ನಮ್ಮ ನಾಡಿಗೆ ಚೆನ್ನಾಗಿ ಗೊತ್ತು. "ಸ್ಟೋವ್ ಸಿಡಿದು ಗೃಹಿಣಿ ಸಾವು" ಎಂಬ ತಲೆಬರಹದ ಹಿಂದೆ ಎಷ್ಟು ಕೊಲೆಗಳಿದ್ದವೆಂದು ಬೆಂಗಳೂರಿನ ವಿಮೋಚನಾದಂಥ ಮಹಿಳಾ ಸಂಘಟನೆಗಳು ಸುಟ್ಟಗಾಯದ ವಾರ್ಡುಗಳಿಗೇ ಹೋಗಿ ಕೇಳಿ ದಾಖಲಿಸಿದವು. ಆ ಬೆಂಕಿಗೆ ಎರಡನೇ ಬಾಗಿಲು, ಅಲಾರಾಂ ಯಾವುದೂ ಉತ್ತರವಲ್ಲ. ಅದು ಬೇರೆಯೇ ಲೇಖನಕ್ಕೆ ವಸ್ತು.

ವರ್ಷಕ್ಕೊಮ್ಮೆಯಾದರೂ ಈ ತಪಾಸಣೆ ನಡೆಯಲು ಒಂದು ದಿನ ಬೇಕು. ಏಪ್ರಿಲ್ 14ರಿಂದ ಒಂದು ವಾರ ದೇಶದಲ್ಲಿ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ. 1944ರಲ್ಲಿ ಆ ದಿನ ಮುಂಬಯಿ ಬಂದರಿನಲ್ಲಿ ಹಡಗು ಸಿಡಿದಾಗ ಪ್ರಾಣ ಕೊಟ್ಟ ಅಗ್ನಿಶಾಮಕರ ನೆನಪಿಗೆ. ಆದರೆ ಸರ್ಕಾರಿ ಸಪ್ತಾಹಗಳು ಮನೆಯ ಹೊಸಿಲು ದಾಟುವುದು ಕಡಿಮೆ. ನನ್ನ ಮತ ಆಯುಧಪೂಜೆಗೆ. ಅಂದು ಹೇಗೂ ಸ್ಕೂಟರು ತೊಳೆಯುತ್ತೇವೆ, ಗ್ಯಾಸ್ ಒಲೆಗೆ, ಮಿಕ್ಸಿಗೆ, ಇಳಿಗೆಮಣೆಗೆ ಕುಂಕುಮ ಇಡುತ್ತೇವೆ. ಒಲೆಗೆ ಕುಂಕುಮ ಇಡುವ ಕೈ ಹಾಗೇ ಕೆಳಗಿಳಿದು ಗ್ಯಾಸಿನ ಕಿತ್ತಳೆ ಟ್ಯೂಬಿನ ಮೇಲಿನ ವರ್ಷ ನೋಡಲಿ, ಐದು ವರ್ಷ ದಾಟಿದ್ದರೆ ಬದಲಿಸಲಿ. ಗ್ರಿಲ್ಲಿನ ಕೀಲಿಗೆ ಎರಡು ತೊಟ್ಟು ಎಣ್ಣೆ ಬೀಳಲಿ, ತುಕ್ಕು ಹಿಡಿದ ಬೀಗವನ್ನು ಒಮ್ಮೆ ತೆರೆದು ನೋಡಲಿ. ಅಗ್ನಿಶಾಮಕ ಸಿಲಿಂಡರ್ ಇದ್ದರೆ ಅದರ ಮುಳ್ಳು ಹಸಿರಿನಲ್ಲಿದೆಯೇ ಎಂದು ಗಮನಿಸಲಿ. ಅದನ್ನು ಬಳಸುವುದೂ ಬೆಂಕಿ ಒಂದು ಬುಟ್ಟಿಯಷ್ಟಿದ್ದಾಗ, ಬೆನ್ನಿಗೆ ಬಾಗಿಲಿದ್ದಾಗ ಮಾತ್ರ ಎಂದು ಮನೆಯವರಿಗೆ ಹೇಳಲಿ. ಆಯುಧಪೂಜೆಗೆ ಮಕ್ಕಳೂ ಮನೆಯಲ್ಲಿರುತ್ತಾರೆ, ಊರಿಂದ ಅಜ್ಜಿಯೂ ಬಂದಿರುತ್ತಾರೆ.

ಸ್ವಂತ ಮನೆಯವರಿಗೆ ಇದೆಲ್ಲ ಕೈಯಳತೆಯ ಮಾತು. ಬಾಡಿಗೆಯವರ ಕಥೆ ಬೇರೆ. ಮೂವತ್ತು ನಲವತ್ತರ ಸೈಟಿನಲ್ಲಿ ನಾಲ್ಕು ಮಹಡಿ ಕಟ್ಟಿ, ಕೆಳಗೆ ತಾವಿದ್ದು, ಮೇಲಿನವನ್ನು ಬಾಡಿಗೆಗೆ ಕೊಟ್ಟ ಮಾಲೀಕರು ರಾತ್ರಿ ಹನ್ನೊಂದಕ್ಕೆ ಗೇಟಿಗೆ ಬೀಗ ಹಾಕಿ ಕೀ ಒಳಗೆ ತೆಗೆದುಕೊಂಡು ಹೋಗುತ್ತಾರೆ. ಪಿ.ಜಿ.ಗಳಲ್ಲಿ ಐವತ್ತು ಹುಡುಗಿಯರ ಮೇಲೆ ಒಂದೇ ಬೀಗ, ಕಾರಣ ಕೇಳಿದರೆ ಹುಡುಗಿಯರ ಸುರಕ್ಷತೆ. ಹನ್ನೊಂದು ತಿಂಗಳ ಕರಾರುಪತ್ರದಲ್ಲಿ ಗೋಡೆಗೆ ಮೊಳೆ ಹೊಡೆಯಬಾರದೆಂದು, ಬಿಡುವಾಗ ಸುಣ್ಣಬಣ್ಣದ ಖರ್ಚು ಕೊಡಬೇಕೆಂದು ಷರತ್ತುಗಳಿರುತ್ತವೆ. ಗೇಟಿನ ಕೀ ಬಾಡಿಗೆಯವರ ಬಳಿಯೂ ಇರತಕ್ಕದ್ದು ಎಂಬ ಒಂದು ಸಾಲು ಯಾವ ಕರಾರಿನಲ್ಲೂ ಕಾಣುವುದಿಲ್ಲ. ಆ ಸಾಲು ಬರಬೇಕಾದರೆ ಕೇಳುವವರು ಬೇಕು. ಕೇಳುವ ಹೊತ್ತು ಅಡ್ವಾನ್ಸ್ ಕೊಡುವ ದಿನ, ಏಕೆಂದರೆ ಅಂದು ಮಾತ್ರ ಮಾಲೀಕರು ಬಾಡಿಗೆಯವರ ಮಾತನ್ನು ಕಿವಿಗೊಟ್ಟು ಕೇಳುತ್ತಾರೆ. ಕೊಡುವುದಿಲ್ಲ ಎಂದರೆ, ಕಾವೇರಿ ನೀರು ದಿನವಿಡೀ ಬರುತ್ತಿದ್ದರೂ, ಮೆಟ್ರೋ ಸ್ಟೇಷನ್ನು ಎದುರಿಗೇ ಇದ್ದರೂ, ಬೇರೆ ಮನೆ ಹುಡುಕಲು ಅಷ್ಟು ಕಾರಣ ಸಾಕು.